ಸರೋವರದ ನೀರು ಕಾಣೆಯಾದ ಪ್ರಕರಣ

ಇಪ್ಪತ್ತಾರು ವರ್ಷ, ದಿನಾ ಬೆಳಿಗ್ಗೆ ಆರಕ್ಕೆ, ಆ ಮನುಷ್ಯ ಉಪ್ಪುಗಟ್ಟಿದ ಬಯಲಿನಲ್ಲಿ ನಡೆದುಹೋಗಿ, ನಡುವೆ ನೆಟ್ಟ ಅಳತೆಗಂಬ ನೋಡಿ, ಪುಸ್ತಕದಲ್ಲಿ ‘ನೀರು: ಸೊನ್ನೆ’ ಎಂದು ಬರೆದು ಬರುತ್ತಿದ್ದ. ಸರೋವರದ ನೀರಳೆಯುವುದು ಅವನ ನೌಕರಿ. ಸರೋವರವೇ ಇಲ್ಲದ್ದು ಅವನ ತಪ್ಪೇ? ಪಕ್ಕದ ಜಿಲ್ಲೆಯ ಅಳತೆಗಾರ ಒಣಗುಂಡಿಗೆ ನಾಲ್ಕಡಿ ನೀರು ಬರೆದು ಬಡ್ತಿ ಗಿಟ್ಟಿಸಿದ. ತಾನು ಮಾತ್ರ ಸುಳ್ಳು ಬರೆದವನಲ್ಲ ಎಂಬುದೇ ಇವನ ಜಂಬ.

ಹೀಗಿರಲು ಕಚೇರಿಯಿಂದ ಕಾಗದ ಬಂತು: ತಮ್ಮ ಸುಪರ್ದಿನಲ್ಲಿದ್ದ ನೀರು ಕಾಣೆಯಾಗಿದೆ, ಹದಿನೈದು ದಿನದಲ್ಲಿ ಸಮಜಾಯಿಷಿ ಕೊಡದಿದ್ದರೆ ವಜಾ. ಇದೊಳ್ಳೆ ಕಥೆಯಾಯಿತಲ್ಲ!

“ಅಷ್ಟೂ ನೀರು ನೀವೇ ಕುಡಿದ್ರಾ ಹೇಗೆ?” ಎಂದಳು ಹೆಂಡತಿ. “ಅಲ್ಲಿ ನೆಲ ಕೊರೀತಿದಾರಲ್ಲ, ಆ ಭೂವಿಜ್ಞಾನದ ಮೇಡಂನ ಕೇಳಿ.”

ಮೇಡಂ ಕೊರೆದು ತೆಗೆದ ಉದ್ದನೆಯ ಮಣ್ಣಿನ ಕೋಲನ್ನು ಮೇಜಿನ ಮೇಲೆ ಮಲಗಿಸಿದ್ದರು. “ಇಲ್ಲಿ ಎರಡೂ ಕಡೆ ಭೂಮಿ ಬಿರುಕು ಬಿಟ್ಟು ನಡುವಿನ ನೆಲ ಕುಸೀತು. ಸುತ್ತಲಿನ ಹೊಳೆಗಳು ಬಂದು ಸೇರ್ಕೊಂಡ್ವು, ಹೊರಗೆ ಹೋಗೋಕೆ ದಾರಿ ಇಲ್ಲ. ಬೂದು ಜೇಡಿ ಇದ್ರೆ ನೀರಿತ್ತು, ಬಿಳಿ ಉಪ್ಪಿದ್ರೆ ಆರಿಹೋಯ್ತು ಅಂತ. ನಾಲ್ಕು ಸಲ ತುಂಬಿ ನಾಲ್ಕು ಸಲ ಆರಿದೆ. ಕೊನೇ ಸಲ ಆರಿ ಹನ್ನೊಂದು ಸಾವಿರ ವರ್ಷ ಆಯ್ತು.”

“ಅಂದ್ರೆ ನಾನು ಡ್ಯೂಟಿಗೆ ಸೇರೋಕೆ ಮುಂಚೆ.” ಅವನಿಗೆ ಹೋದ ಜೀವ ಬಂದಂತಾಯಿತು. “ಅದನ್ನ ಬರೆದು ಸೀಲ್ ಹಾಕ್ಕೊಡಿ ಮೇಡಂ. ತಾರೀಖೂ ಇದ್ರೆ ಒಳ್ಳೇದು.”

ಬರೆಯುತ್ತಲೇ ಮೇಡಂ ಕೋಲಿನ ಮೇಲ್ತುದಿಗೆ ಬೆರಳಿಟ್ಟರು. “ತಾರೀಖಿರೋದು ಇದೊಂದಕ್ಕೇ. ಕೂದಲೆಳೆಯಷ್ಟು ಬೂದು ಇದೆ ನೋಡಿ. ದೂರದ ಬೆಟ್ಟದಲ್ಲಿ ಮಳೆ ಹೊಡೆದು ಇಲ್ಲಿ ಕೆಲವು ದಿನ ನೀರು ನಿಂತಿದೆ. ಅದರಡಿ ಬಿಸ್ಕತ್ತಿನ ಪೊಟ್ಟಣದ ಚೂರು ಸಿಕ್ತು. ಅದರ ಮೇಲೆ ತಾರೀಖು ಅಚ್ಚಾಗಿದೆ, ಹನ್ನೆರಡು ವರ್ಷದ ಹಿಂದಿಂದು.”

ಅವನು ಬೆರಳು ಮಡಚಿ ಲೆಕ್ಕ ಹಾಕಿದ. ಹನ್ನೆರಡು ವರ್ಷದ ಹಿಂದೆ ಮಗಳ ಮದುವೆಗೆಂದು ಎಂಟು ದಿನ ಹೋಗಿದ್ದ, ಎಂಟು ಸೊನ್ನೆ ಮುಂಗಡವಾಗಿ ಬರೆದಿಟ್ಟು. ತಿರುಗಿ ಬಂದಾಗ ನೆಲ ಆರಿತ್ತು, ಕಂಬಕ್ಕೆ ಮೊಣಕಾಲೆತ್ತರ ಕೆಸರು ಮೆತ್ತಿತ್ತು. ಯಾವನೋ ಪೋಲಿಯ ಕೆಲಸವೆಂದು ಬೈದುಕೊಳ್ಳುತ್ತ ತಾನೇ ಉಜ್ಜಿ ತೊಳೆದಿದ್ದ.

ಮನೆಗೆ ಬಂದವನೇ ಸಮಜಾಯಿಷಿಯಲ್ಲಿ ಅದನ್ನೂ ಬರೆಯಲು ಕೂತ.

“ನಿಮಗೇನು ತಲೆ ಕೆಟ್ಟಿದೆಯಾ?” ಎಂದು ಹೆಂಡತಿ ಪೆನ್ನು ಕಿತ್ತುಕೊಂಡಳು. “ಮೇಡಂ ಕೊಟ್ಟ ಕಾಗದ ಕಳಿಸಿದ್ರೆ ಸಾಕು. ಇದನ್ನೂ ಬರೆದ್ರೆ ಕೆಲಸ ಹೋಗತ್ತೆ ರೀ.”

“ಹೋದ್ರೆ ಹೋಗ್ಲಿ ಬಿಡೇ.” ಅವನು ಪೆನ್ನಿಗೆ ಕೈ ಚಾಚಿದ. “ಹನ್ನೊಂದು ಸಾವಿರ ವರ್ಷ ಆದ್ಮೇಲೆ ಬಂದಿತ್ತು ಕಣೇ. ನೋಡೋಕೆ ಅಂತ ಇದ್ದವನು ನಾನೊಬ್ಬನೇ.”