ಗಿರಿಜಾಂಬನ ಮೊಡವೆ ಮದ್ದು

ಬೆಳಕು ಹರಿಯುವ ಮುಂಚೆ ಚನ್ನಪಟ್ಟಣದ ಗಿರಿಜಾಂಬ ಅಂಗಳ ತೊಳೆದು, ಹಂಡೆಗೆ ಉರಿ ಹಾಕಿ, ಮನೆಮಂದಿಯ ಬಟ್ಟೆ ಒಗೆದು, ರೇಷ್ಮೆ ನೂಲು ಬಿಚ್ಚುವವರಿಗೆ ಕಾಫಿ ಕಾಯಿಸಿ, ಆಮೇಲೆ ಬೀದಿಯ ಹುಡುಗಿಯರ ಮೊಡವೆಗೆ ಮದ್ದು ಹೇಳಲು ಜಗಲಿಯಲ್ಲಿ ಕೂರುತ್ತಾಳೆ. ಬೋಂಡಾ ತಿಂದರೆ ಮೊಡವೆ, ಕನ್ನಡಿ ನೋಡಿದರೆ ಮೊಡವೆ, ಹುಡುಗನನ್ನು ನೆನೆದರಂತೂ ಹಣೆತುಂಬ. “ಎಲ್ಲಾ ಕೊಳಕು ಕಣವ್ವಾ!” ಎನ್ನುತ್ತ, ಬಿಸಿನೀರಲ್ಲಿ ನೆನೆಸಿದ ರೇಷ್ಮೆಗೂಡಿನಿಂದ ಕೆನ್ನೆ ಕೆಂಪಾಗುವವರೆಗೆ ಉಜ್ಜುತ್ತಾಳೆ. ಕೈಗೆ ಸಿಕ್ಕರೆ ಚಂದ್ರನ ಕಲೆಯನ್ನೂ ಬಿಡಳು. ಮನೆಯೊಳಗೆ ಅವಳ ಮಾತಿಗೆ ಕಿವಿಗೊಡುವವರಿಲ್ಲ. ಜಗಲಿಯ ಮೇಲೆ ಅವಳೇ ಡಾಕ್ಟರು. ಅವಳ ಕೆನ್ನೆಯ ಮೇಲಿನ ಹಳೇ ಗಾಯದ ಗುಳಿಗಳ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹೊಸ ಸೊಸೆಯಾಗಿದ್ದಾಗ ಅವಳ ಮೊಡವೆ ಕಂಡ ಅತ್ತೆ, “ಮೊಕ ತೊಳಿಯಾಕೂ ಬರಲ್ವೇನೇ, ಕೊಳಕಿ?” ಎಂದು ಇಂಥದೇ ಗೂಡಿನಿಂದ ರಕ್ತ ಒಸರುವಂತೆ ತಿಕ್ಕಿದ್ದಳು. ಆಗಲೂ ಆ ಮನೆಯ ಪಾತ್ರೆ, ಬಟ್ಟೆ, ಬಚ್ಚಲನ್ನೆಲ್ಲ ತೊಳೆಯುತ್ತಿದ್ದವಳು ಗಿರಿಜಾಂಬನೇ. ಮೊನ್ನೆ ಮೊಮ್ಮಗಳು ಹೇಮಶ್ರೀ ಚರ್ಮದ ಡಾಕ್ಟರ ಬಳಿ ಹೋಗಿ ಬಂದು, “ಮೊಡವೆ ಕೊಳಕಿಂದ ಬರಲ್ವಂತೆ ಕಣಜ್ಜಿ, ಉಜ್ಜಿದ್ರೆ ಇನ್ನೂ ಕೆಡ್ತದಂತೆ,” ಅಂದಳು. ಇಂದು ಪಕ್ಕದ ಮನೆಯ ರಮ್ಯಾ ಬಂದು ಕೆನ್ನೆಯೊಡ್ಡಿದಳು: “ನಾಳೆ ಗಂಡಿನೋರು ಬತ್ತವ್ರೆ, ಚೆನ್ನಾಗಿ ಉಜ್ಜಜ್ಜಿ.” ಬಿಸಿನೀರು ತರಲು ಹೋದ ಗಿರಿಜಾಂಬ ಒಲೆಯ ಮುಂದೆ ಒಬ್ಬಳೇ ತನ್ನ ಕೆನ್ನೆಯ ಗುಳಿಗಳನ್ನು ಸವರಿಕೊಂಡಳು. ಆಮೇಲೆ ಬರಿಗೈಯಲ್ಲಿ ಹೊರಬಂದು, “ನಾನ್ ಉಜ್ಜಿದ್ದೆಲ್ಲ ತಪ್ಪು ಕಣವ್ವಾ, ಡಾಕ್ಟರ್ ತಾವ ಹೋಗು,” ಎಂದಳು.