ಮುನಿರಾಜು ಅಳೆದ ಅರವತ್ತೆಂಟು ಮಿಲಿಮೀಟರ್

ಎರಡು ವರ್ಷದ ಹಿಂದಿನ ನವೆಂಬರ್ ಕೊನೆಯ ವಾರ. ಹವಾಮಾನ ಕಚೇರಿಯ ಮುನ್ಸೂಚನಾ ವಿಭಾಗದಿಂದ ನಾನು ನಿವೃತ್ತಳಾಗಿ ಆಗ ಮೂರು ವರ್ಷವಾಗಿತ್ತು. ಮೂವತ್ತನಾಲ್ಕು ವರ್ಷ ಮೋಡ, ಗಾಳಿ, ಒತ್ತಡ ಎಂದುಕೊಂಡೇ ದುಡಿದವಳಿಗೆ ಗಂಗಾನಗರದ ಮನೆಯಲ್ಲಿ ಸುಮ್ಮನೆ ಕೂರಲು ಬರಲಿಲ್ಲ. ಯಲಹಂಕ, ಹೆಬ್ಬಾಳ, ಯಶವಂತಪುರದ ಸುತ್ತ ಮಳೆಯ ಹುಚ್ಚು ಹಿಡಿದ ಮೂವತ್ತು ಮೂವತ್ತೈದು ಜನ ಕಟ್ಟಿಕೊಂಡಿದ್ದ ಒಂದು ವಾಟ್ಸಾಪ್ ಗುಂಪಿಗೆ ಸೇರಿದೆ. ಸೇರಿದ ಆರು ತಿಂಗಳಲ್ಲಿ ಅದರ ಯಜಮಾನಿಯೂ ಆಗಿಬಿಟ್ಟೆ. ನನ್ನ ಸ್ವಭಾವವೇ ಅಂಥದ್ದು. ಎಲ್ಲಿ ಹೋದರೂ ಒಂದು ರಿಜಿಸ್ಟರ್ ತೆರೆದು ಗೆರೆ ಹಾಕದಿದ್ದರೆ ನನಗೆ ಸಮಾಧಾನವಿಲ್ಲ.

ಗುಂಪಿನಲ್ಲಿ ಎಲ್ಲ ಬಗೆಯವರೂ ಇದ್ದರು. ಯಲಹಂಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಗದಗಿನ ಕಡೆಯ ಬಸವರಾಜ್ ದಿನಕ್ಕೆ ಹತ್ತು ನಕ್ಷೆ ಹಾಕುವವರು. ಒಬ್ಬೊಬ್ಬರ ತಾರಸಿಯ ಮೇಲೂ ಒಂದೊಂದು ಮಳೆಮಾಪಕ ಇತ್ತು. ಮಳೆಮಾಪಕ ಎಂದರೆ ದೊಡ್ಡ ಯಂತ್ರವೇನಲ್ಲ. ಮೇಲೊಂದು ಆಲಿಕೆ, ಕೆಳಗೆ ಮಿಲಿಮೀಟರಿನ ಗೆರೆ ಕೊರೆದ ಪಾರದರ್ಶಕ ಕೊಳವೆ. ಬೆಳಿಗ್ಗೆ ಎಂಟೂವರೆಗೆ ಓದಬೇಕು, ಬರೆಯಬೇಕು, ನೀರು ಚೆಲ್ಲಬೇಕು. ಬಿರುಗಾಳಿ ಮಳೆಯ ದಿನಗಳಲ್ಲಿ ಮೂರು ಗಂಟೆಗೊಮ್ಮೆ. ಈ ಶಿಸ್ತು ಹೇರಿದ್ದು ನಾನೇ.

ಹುಣಸಮಾರನಹಳ್ಳಿಯ ಮುನಿರಾಜು ಅವರಲ್ಲೆಲ್ಲ ಬೇರೆ ಥರದವರು. ಐವತ್ತೆಂಟರ ಆಸುಪಾಸು. ಊರಿನ ಹಳೆಯ ಮನೆತನ. ಏರ್‌ಪೋರ್ಟ್ ರಸ್ತೆಯ ಪಕ್ಕ ಬೋರ್‌ವೆಲ್ ಮೋಟಾರಿಗೆ ತಾಮ್ರದ ತಂತಿ ಸುತ್ತಿ ರಿಪೇರಿ ಮಾಡುವ ಚಿಕ್ಕ ಅಂಗಡಿ ಅವರದು. ಅವರಿಗೆ ನಕ್ಷೆ ಬೇಡ, ಮಾಡೆಲ್ ಬೇಡ. ಮಳೆ ಎಷ್ಟು ಬಂತು ಅಷ್ಟೇ ಬೇಕು. ಎರಡು ವರ್ಷದಲ್ಲಿ ಒಂದು ದಿನವೂ ಮಾಪಕದ ಓದು ತಪ್ಪಿಸಿದವರಲ್ಲ. ಮಗಳ ಮದುವೆಯ ಬೆಳಿಗ್ಗೆ ಕೂಡ ಛತ್ರದಿಂದ ಬೈಕಿನಲ್ಲಿ ಮನೆಗೆ ಬಂದು 'ಸೊನ್ನೆ' ಎಂದು ಹಾಕಿ ಹೋದರು. ಸೊನ್ನೆಯನ್ನೂ ಅಷ್ಟು ಶ್ರದ್ಧೆಯಿಂದ ಬರೆಯುವವರು ನನ್ನ ಇಡೀ ಸರ್ವೀಸಿನಲ್ಲಿ ಇಬ್ಬರೋ ಮೂವರೋ ಸಿಕ್ಕಿದ್ದರು.

ಆದರೆ ಅದೇ ನವೆಂಬರ್ ಮೊದಲಲ್ಲಿ ಅವರಿಂದ ಒಂದು ಎಡವಟ್ಟಾಗಿತ್ತು. ಸುತ್ತಮುತ್ತ ಹನಿ ಬೀಳದ ದಿನ ಅವರ ಓದು ಮೂವತ್ತು ಮಿಲಿಮೀಟರ್. ವಿಚಾರಿಸಿದರೆ ಮೇಲಿನ ಸಿಂಟೆಕ್ಸ್ ಟ್ಯಾಂಕ್ ತುಂಬಿ ಹರಿದು ನೀರು ಮಾಪಕಕ್ಕೆ ಬಿದ್ದಿತ್ತು. ಗುಂಪಿನಲ್ಲಿ ಎಲ್ಲರೂ ನಕ್ಕರು, 'ಟ್ಯಾಂಕ್ ಮುನಿರಾಜು' ಎಂದರು. ಅವರೂ ನಗುವ ಚಿಹ್ನೆ ಹಾಕಿದರು. ಮಾರನೇ ದಿನವೇ ಮಾಪಕವನ್ನು ಟ್ಯಾಂಕಿನಿಂದ ದೂರ, ತಾರಸಿಯ ಇನ್ನೊಂದು ಮೂಲೆಗೆ ಒಯ್ದು ಸಿಮೆಂಟ್ ಹಾಕಿ ಕೂರಿಸಿದರು. ನಾನು ಸುಮ್ಮನಿರದೆ ಒಂದು ನಿಯಮ ಮಾಡಿದೆ: ಅಕ್ಕಪಕ್ಕದವರಿಗಿಂತ ತೀರಾ ಬೇರೆ ಓದು ಬಂದರೆ ಕೊಳವೆಯ ಫೋಟೋ ಕಳಿಸಬೇಕು, ಇಲ್ಲದಿದ್ದರೆ ಗುಂಪಿನ ದಿನದ ಪಟ್ಟಿಗೆ ಸೇರಿಸುವುದಿಲ್ಲ. ಕಚೇರಿಯಲ್ಲಿ ಇದನ್ನು ಕ್ವಾಲಿಟಿ ಕಂಟ್ರೋಲ್ ಎನ್ನುತ್ತಿದ್ದೆವು. ಗುಂಪಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಆ ನಿಯಮ ಯಾರಿಗಾಗಿ ಮಾಡಿದ್ದು ಎಂದು.

ಆ ಕೊನೆಯ ವಾರ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎದ್ದಿತು. ಚಳಿ ಶುರುವಾಗುವ ಹೊತ್ತಿಗೆ ಬರುವ ಈ ಬಿರುಗಾಳಿಗಳಷ್ಟು ಹಠಮಾರಿ ವಸ್ತು ನಮ್ಮ ವೃತ್ತಿಯಲ್ಲಿ ಇನ್ನೊಂದಿಲ್ಲ. ಕಂಪ್ಯೂಟರ್ ಮಾಡೆಲ್‌ಗಳು, ಅಂದರೆ ಗಾಳಿ ಮುಂದೆ ಎತ್ತ ಹೋದೀತು ಎಂದು ಲೆಕ್ಕ ಹಾಕುವ ಪ್ರೋಗ್ರಾಂಗಳು, ಒಂದೊಂದು ಒಂದೊಂದು ಕಡೆ ಎಳೆಯುತ್ತಿದ್ದವು. ಒಂದು ಅದನ್ನು ಆಂಧ್ರದ ಕರಾವಳಿಗೆ ಕಳಿಸಿತು, ಇನ್ನೊಂದು ತಮಿಳುನಾಡಿಗೆ, ಮತ್ತೊಂದು ಸಮುದ್ರದಲ್ಲೇ ಮುಳುಗಿಸಿತು. ಗುಂಪಿನಲ್ಲಿ ನಾಲ್ಕು ದಿನ ಹಬ್ಬ. ಬಸವರಾಜ್ ಮಾತ್ರ "ಮೇಡಮ್ಮರ, ಇದು ನಮ್ಮ ಕಡೆ ಬರೂದಿಲ್ಲ ಬಿಡ್ರಿ" ಎಂದು ಕೈ ಚೆಲ್ಲಿದ್ದರು.

ನಾನು ಬುಧವಾರ ಬೆಳಿಗ್ಗೆ ನನ್ನ ಅಂದಾಜು ಹಾಕಿದೆ. ಗಾಳಿ ಕರಾವಳಿ ದಾಟಿ ದುರ್ಬಲವಾಗುತ್ತದೆ, ಉತ್ತರ ಬೆಂಗಳೂರಿಗೆ ದಿನವಿಡೀ ಜಿಟಿಜಿಟಿ, ಹೆಚ್ಚೆಂದರೆ ಹದಿನೈದು ಮಿಲಿಮೀಟರ್. ಇಪ್ಪತ್ತು ಮೂವತ್ತು ಲೈಕು ಬಿದ್ದವು. ನಿವೃತ್ತಳಾದವಳಿಗೆ ಆ ಲೈಕುಗಳು ಎಷ್ಟು ಹಿತವಾಗಿದ್ದವು ಎನ್ನುವುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮಧ್ಯಾಹ್ನ ಎರಡೂವರೆಯವರೆಗೂ ನಾನು ಹೇಳಿದಂತೆಯೇ ನಡೆಯಿತು. ಯಲಹಂಕ ನಾಲ್ಕು, ಹೆಬ್ಬಾಳ ಮೂರು, ನಮ್ಮ ಮನೆಯಲ್ಲಿ ಮೂರು. ಮುಂದಿನ ಓದಿಗೆ ಇನ್ನೂ ಒಂದು ಗಂಟೆ ಇರುವಾಗಲೇ, ನಾಲ್ಕೂವರೆಗೆ, ಮುನಿರಾಜು ಅವರ ಮೆಸೇಜು ಬಂತು. 'ಮೂರರಿಂದ ಒಂದೂವರೆ ಗಂಟೆಯಲ್ಲಿ 68. ರಸ್ತೆ ಕಾಣುತ್ತಿಲ್ಲ.'

ನಾನು ರೇಡಾರ್ ಚಿತ್ರ ತೆರೆದೆ. ಹುಣಸಮಾರನಹಳ್ಳಿಯ ಮೇಲೆ ತೆಳು ನೀಲಿ ಬಣ್ಣ ಬಿಟ್ಟರೆ ಏನೂ ಇಲ್ಲ. ತೆಳು ನೀಲಿ ಎಂದರೆ ತುಂತುರು. ಕೆಲವೇ ಕಿಲೋಮೀಟರ್ ದೂರದ ಯಲಹಂಕದಲ್ಲಿ ಬಸವರಾಜ್ ಆರು ಎಂದರು. ಯಾರೋ ಟ್ಯಾಂಕಿನ ಚಿತ್ರ ಹಾಕಿದರು, ಇನ್ಯಾರೋ ನಕ್ಕರು. ನಾನು ಬರೆದೆ: 'ಮುನಿರಾಜು ಅವರೇ, ಈ ಓದು ಅನುಮಾನ. ಕೊಳವೆಯ ಫೋಟೋ ಕಳಿಸಿ. ಫೋಟೋ ಇಲ್ಲದೆ ಪಟ್ಟಿಗೆ ಸೇರುವುದಿಲ್ಲ.' ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ತಕ್ಷಣ ಅವರ ಫೋನ್ ಬಂತು. ಹಿಂದೆ ಮಳೆಯ ಸದ್ದು ಕೇಳುತ್ತಿತ್ತು. ಈಗ ನೆನೆದರೆ ಅದು ತುಂತುರು ಮಳೆಯ ಸದ್ದಾಗಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಬಿಟ್ಟು ನಾನು ಪರದೆ ನೋಡುತ್ತಿದ್ದೆ.

"ಮೇಡಂ, ಓದ್ಬುಟ್ಟು ನೀರ್ ಚೆಲ್ಬುಟ್ಟೆ. ಫೋಟೋ ಎಲ್ಲಿಂದ ತರ್ಲಿ? ನಾನ್ ಸುಳ್ ಯೇಳಾಕಿಲ್ಲ ಮೇಡಂ."

"ಸುಳ್ಳು ಅಂತ ಯಾರು ಹೇಳಿದ್ರು ಮುನಿರಾಜು ಅವರೇ? ನಿಯಮ ಎಲ್ಲರಿಗೂ ಒಂದೇ ಅಲ್ವಾ? ಐದೂವರೆಗೆ ಓದೋವಾಗ ಫೋಟೋ ತೆಗೆದು ಕಳಿಸಿ, ಆಗ ನೋಡೋಣ."

"ಆಗ್ಲಿ ಮೇಡಂ. ಇನ್ನೂ ಉಯ್ತಾನೆ ಐತೆ. ಕಳಿಸ್ತೀನಿ" ಎಂದರು.

ಐದು ಮೂವತ್ನಾಲ್ಕಕ್ಕೆ ಫೋಟೋ ಬಂತು. ಕ್ಯಾಮೆರಾದ ಗಾಜಿನ ಮೇಲೆ ಹನಿ ಬಿದ್ದು ಅರ್ಧ ಮಸುಕು. ಕೊಳವೆಯನ್ನು ಹಿಡಿದ ಅವರ ಹೆಬ್ಬೆರಳು ಒಂದು ಬದಿಯಲ್ಲಿ ಕಾಣುತ್ತಿತ್ತು. ನೀರು ನಲವತ್ತೊಂದರ ಗೆರೆಯಲ್ಲಿತ್ತು. ಕೊಳವೆಯಲ್ಲಿ ನೀರಿನ ಅಂಚು ಸ್ವಲ್ಪ ಮೇಲೇರಿ ನಡು ತಗ್ಗಾಗಿರುತ್ತದೆ, ಆ ತಗ್ಗನ್ನೇ ಓದಬೇಕು. ನಾನು ಫೋಟೋ ಹಿಗ್ಗಿಸಿ, ಕನ್ನಡಕ ಒರೆಸಿಕೊಂಡು, ಅದು ನಲವತ್ತೊಂದೋ ನಲವತ್ತೋ ಎಂದು ಐದಾರು ನಿಮಿಷ ನೋಡಿದೆ. ಆಮೇಲೆ 'ಸರಿ, ಸೇರಿಸಿದ್ದೇನೆ. ಮುಂದೆಯೂ ಹೀಗೇ ಕಳಿಸಿ' ಎಂದು ಬರೆದೆ. ಆ ಮೆಸೇಜಿನ ಹೊತ್ತು ಐದು ನಲವತ್ತು. ಆಗ ಮುನಿರಾಜು ತಮ್ಮ ಮನೆಯ ಹೊರಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು.

ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಬೈಲು. ತಾರಸಿಯ ಮೆಟ್ಟಿಲಿಗೆ ಕಂಬಿ ಇರಲಿಲ್ಲ. ಫೋಟೋ ಕಳಿಸಿ ಇಳಿಯುವಾಗ ಕಾಲು ಜಾರಿತ್ತು. ತಲೆಗೆ ಪೆಟ್ಟು. ಹೆಂಡತಿ ಜಯಮ್ಮ ಅಕ್ಕಪಕ್ಕದವರನ್ನು ಕೂಗಿ ಕಾರಿನಲ್ಲಿ ಮಲಗಿಸಿಕೊಂಡು ಹೊರಟರೆ ಅಂಡರ್‌ಪಾಸಿನಲ್ಲಿ ಸೊಂಟದವರೆಗೆ ನೀರು ನಿಂತಿತ್ತು. ಸುತ್ತಿ ಬಳಸಿ ಆಸ್ಪತ್ರೆ ಮುಟ್ಟುವಾಗ ಏಳು ದಾಟಿತ್ತು. ಆ ನೀರು ಎಲ್ಲಿಂದ ಬಂದದ್ದು ಎಂದು ಇನ್ನು ಯಾವ ಫೋಟೋ ನನಗೆ ತೋರಿಸಬೇಕಿತ್ತು?

ಶುಕ್ರವಾರ ಬೆಳಿಗ್ಗೆ ಮುನಿರಾಜು ತೀರಿಕೊಂಡರು. ಆ ಬೆಳಿಗ್ಗೆ ಎಂಟೂವರೆಗೆ ಗುಂಪಿನಲ್ಲಿ ಯಾರೂ ಓದು ಹಾಕಲಿಲ್ಲ.

ರೇಡಾರ್ ಯಾಕೆ ತಪ್ಪು ತೋರಿಸಿತು ಎಂದು ಕೆಲವರು ಕೇಳಿದರು. ಉತ್ತರ ನನಗೆ ಮೊದಲೇ ಗೊತ್ತಿತ್ತು, ಅದೇ ನನ್ನನ್ನು ಸುಡುವುದು. ರೇಡಾರ್ ಕಿರಣ ನೆಟ್ಟಗೆ ಹೋಗುತ್ತದೆ, ಭೂಮಿ ಬಾಗಿರುತ್ತದೆ. ಹಾಗಾಗಿ ದೂರ ಹೋದಷ್ಟೂ ಕಿರಣ ನೆಲದಿಂದ ಮೇಲೆ ಮೇಲೆ ಸಾಗುತ್ತದೆ. ನಾನು ನೋಡುತ್ತಿದ್ದ ರೇಡಾರ್ ಇದ್ದದ್ದು ದೂರದ ಕರಾವಳಿಯಲ್ಲಿ. ಚಳಿಗಾಲದ ಈ ಬಿರುಗಾಳಿಗಳ ಮೋಡಗಳು ಬೇಸಿಗೆಯ ಗುಡುಗಿನ ಮೋಡದಂತೆ ಎತ್ತರಕ್ಕೆ ಬೆಳೆಯುವುದಿಲ್ಲ. ಕುಳ್ಳಗೆ ಕೆಳಗೇ ಇದ್ದುಕೊಂಡು ಒಂದೇ ಕಡೆ ಸುರಿದುಬಿಡುತ್ತವೆ. ಕಿರಣ ಅವುಗಳ ತಲೆಯ ಮೇಲೆ ಹಾದುಹೋಗುತ್ತದೆ. ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೇನೆ, ಒಂದಲ್ಲ, ಹತ್ತಾರು ಸಲ. ಆ ಮಧ್ಯಾಹ್ನ ಅದು ನೆನಪಾಗಲಿಲ್ಲ. ನೆನಪಾಗದಿರಲು ಕಾರಣ ವಯಸ್ಸಲ್ಲ. ನನ್ನ ಹದಿನೈದು ಮಿಲಿಮೀಟರ್ ಸುಳ್ಳಾಗುವುದು ನನಗೆ ಬೇಕಿರಲಿಲ್ಲ.

ಮಣ್ಣಿಗೆ ಬಸವರಾಜ್ ಜೊತೆ ಹೋಗಿದ್ದೆ. ಜಯಮ್ಮ ಬಂದವರಿಗೆಲ್ಲ ಅಳುತ್ತಾ ಒಂದೇ ಮಾತು ಹೇಳುತ್ತಿದ್ದರು: "ಯಾರೋ ಮೇಡಂ ಫೋಟೋ ಕೇಳಿದ್ರಂತೆ, ಅದುಕ್ಕೇ ಮೆಟ್ಲು ಅತ್ತಿದ್ದು." ನಾನು ಅವರ ಎದುರಿಗೇ ನಿಂತಿದ್ದೆ. ಆ ಮೇಡಂ ನಾನೇ ಎಂದು ಹೇಳಲಿಲ್ಲ. ಬಸವರಾಜ್ ನನ್ನ ಮುಖ ನೋಡಲಿಲ್ಲ. ಕಾರಿನಲ್ಲಿ ಬರುವಾಗ, "ನಾವೆಲ್ಲ ನಕ್ಕೀವ್ರಿ ಮೇಡಂ, ನೀವೊಬ್ರೇ ಅಲ್ಲ" ಎಂದರು. ಒಳ್ಳೆಯ ಮನುಷ್ಯ, ಸಮಾಧಾನ ಹೇಳಲು ನೋಡಿದರು. ನನಗೆ ಅದು ಎದೆಯ ಮೇಲೆ ಇನ್ನೊಂದು ಕಲ್ಲು ಹೇರಿದಂತಾಯಿತು.

ಹತ್ತು ದಿನ ಸರಿಯಾಗಿ ಅನ್ನ ಸೇರಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟೋ ಮುನ್ಸೂಚನೆಗಳಲ್ಲಿ ತಪ್ಪಿದ್ದೇನೆ. ಮಳೆ ಎಂದ ದಿನ ಬಿಸಿಲು ಬಂದಿದೆ, ಪತ್ರಿಕೆಯವರು ಆಡಿಕೊಂಡಿದ್ದಾರೆ, ಮೇಲಧಿಕಾರಿಗಳು ಮೆಮೊ ಕೊಟ್ಟಿದ್ದಾರೆ. ಅದೆಲ್ಲ ಬರೀ ಕಾಗದದ ಮೇಲಿನ ತಪ್ಪು. ಇದಕ್ಕೆ ಯಾರೂ ಮೆಮೊ ಕೊಡಲಿಲ್ಲ. ಕೊಟ್ಟಿದ್ದರೆ ಉತ್ತರವನ್ನಾದರೂ ಬರೆಯಬಹುದಿತ್ತು.

ತಿಥಿ ಕಳೆದ ಮರುದಿನ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿ ಹುಣಸಮಾರನಹಳ್ಳಿಗೆ ಹೋದೆ. ಜಯಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಗುರುತು ಹಿಡಿದು ಚಾಪೆ ಹಾಕಿದರು. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿ, "ಜಯಮ್ಮ, ಫೋಟೋ ಕೇಳಿದ್ದು ನಾನೇ. ನಾನು ಅವರನ್ನ ನಂಬಲಿಲ್ಲ" ಎಂದುಬಿಟ್ಟೆ.

ಅವರು ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದರು. "ಗೊತ್ತಾಯ್ತು ಮೇಡಂ. ಮಗಳು ಮೊಬೈಲಲ್ಲಿ ಓದಿ ಯೇಳಿದ್ಲು" ಎಂದರು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ನನ್ನನ್ನೇ ಒಂದು ಪ್ರಶ್ನೆ ಕೇಳಿದರು.

"ಅದು ದಿಟಾನಾ ಮೇಡಂ? ಅವರು ಮೊದ್ಲು ಯೇಳಿದ್ದು, ಅರವತ್ತೆಂಟು?"

"ದಿಟ ಕಣಮ್ಮ. ಒಂದು ಮಿಲಿಮೀಟರ್ ಕೂಡ ಹೆಚ್ಚುಕಮ್ಮಿ ಇಲ್ಲ. ಅವರು ಹೇಳಿದ್ದೇ ಸರಿ. ತಪ್ಪಿದ್ದು ನಾನು."

ಒಂದು ಮಿಲಿಮೀಟರ್ ಕೂಡ ಎಂದು ಹೇಳಲು ನನ್ನ ಬಳಿ ಯಾವ ಪುರಾವೆಯೂ ಇರಲಿಲ್ಲ. ನನ್ನ ಜೀವನದಲ್ಲಿ ಪುರಾವೆಯಿಲ್ಲದೆ ಒಪ್ಪಿಕೊಂಡ ಮೊದಲ ಓದು ಅದು.

ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಬ್ಯಾಡ ಮಳೇಲಿ ಅಂದೆ. ಕೇಳ್ಲಿಲ್ಲ. ಮುನಿಸ್ಕೊಂಡು ಮ್ಯಾಕ್ ವೋದ್ರು ಅಂದ್ಕೋಬ್ಯಾಡಿ ಮೇಡಂ. ಸಂತೋಸವಾಗೇ ಮೆಟ್ಲು ಅತ್ತಿದ್ರು. ಅಷ್ಟ್ ದೊಡ್ಡ ಆಪೀಸರ್ ಮೇಡಂ ನಮ್ ಮಳೇನ ನೋಡ್ಬೇಕು ಅಂತವ್ರೆ ಕಣೇ, ಅಂದ್ರು."

ನಾನು ಆಗ ಕೂತೆ. ಚಾಪೆಯ ಮೇಲಲ್ಲ, ಬರಿ ನೆಲದ ಮೇಲೆ. ಜಯಮ್ಮನೇ ಎದ್ದು ನೀರು ತಂದುಕೊಟ್ಟರು.

ಗುಂಪು ಈಗಲೂ ಇದೆ, ಬಂಗಾಳ ಕೊಲ್ಲಿಯಲ್ಲಿ ಗಾಳಿ ಎದ್ದಾಗ ಈಗಲೂ ನಕ್ಷೆಗಳ ಜಗಳ ನಡೆಯುತ್ತದೆ. ಫೋಟೋದ ನಿಯಮ ನಾನು ತೆಗೆದುಹಾಕಿದೆ. ಅನುಮಾನದ ಓದು ಬಂದರೆ ಮೊದಲು ಬರೆದುಕೊಳ್ಳುತ್ತೇವೆ, ಮಳೆ ನಿಂತ ಮೇಲೆ ನಾವೇ ಹೋಗಿ ನೋಡುತ್ತೇವೆ. ಅನುಮಾನ ಪಡುವುದು ನನ್ನ ವೃತ್ತಿಯ ಅರ್ಧ ಕೆಲಸ, ಅದನ್ನು ಬಿಡಲಾಗುವುದಿಲ್ಲ. ಆದರೆ ಅನುಮಾನ ಬಂದವರೇ ಎದ್ದು ಮಳೆಯಲ್ಲಿ ನೆನೆಯಬೇಕು. ನಾನು ಗಂಗಾನಗರದ ಮನೆಯಲ್ಲಿ ಒಣ ಕುರ್ಚಿಯ ಮೇಲೆ ಕೂತು ಅನುಮಾನಪಟ್ಟೆ, ಮುನಿರಾಜು ಅವರನ್ನು ಮೆಟ್ಟಿಲು ಹತ್ತಿಸಿದೆ.