ದೇವಕಮ್ಮನ ಮೈಮೇಲೆ ಬಂದವಳು

ಪಕ್ಕದ ಮನೆಯ ದೇವಕಮ್ಮ ಬಾಯಿ ತೆರೆದರೆ ಕಾಲುವೆಯ ತೂಬು ಎತ್ತಿದ ಹಾಗೆ. ಗಂಡ ಖಂಡಪ್ಪ ಮಾತ್ರ ಅವಳ ಒಂದು ಮಾತನ್ನೂ ಕಿವಿಗೆ ಹಾಕಿಕೊಂಡವನಲ್ಲ. ನಾರಾಯಣಪುರ ಅಣೆಕಟ್ಟಿನ ನೀರು ಸುರಪುರ ಕಡೆಯ ನಮ್ಮೂರಿಗೂ ಬಂತು, ಜೋಳ ಹೋಗಿ ಭತ್ತ ಬಂತು. ಈ ಮಹಾಶಯನ ತಲೆಗೆ ಮಾತ್ರ ಏನೂ ಹರಿಯಲಿಲ್ಲ.

ಸೊಸೆ ಮೋನಮ್ಮ ಹಡೆದಳು. ತವರಿನಲ್ಲಿ ತಾಯಿ ಇಲ್ಲ, ಹಾಗಾಗಿ ಬಾಣಂತನ ಇಲ್ಲೇ; ಗಂಡ ಸಾಬಣ್ಣ ದುಡಿಯಲು ಊರು ಬಿಟ್ಟಿದ್ದ. ಕೂಸು ಅತ್ತರೆ ಅವಳು ಗೋಡೆ ನೋಡುತ್ತಾಳೆ. ಉಣ್ಣುವುದಿಲ್ಲ, ಮಲಗುವುದಿಲ್ಲ. ಖಂಡಪ್ಪ ತೀರ್ಪು ಕೊಟ್ಟ: "ಗಾಳಿ ಹಿಡದದ. ಅಮಾಸಿಗಿ ಗಾಳಿ ಬಿಡಸಾವನ್ನ ಕರಸ್ತೀನಿ, ಮೆಣಸಿನಕಾಯಿ ಹೊಗಿ ಹಾಕಲಿ."

ದೇವಕಮ್ಮನ ಮುಖ ಬಿಳಿಚಿಕೊಂಡಿತು. ಮಗ ಸಾಬಣ್ಣ ಹುಟ್ಟಿದಾಗ ಅವಳಿಗೂ ಹೀಗೇ ಆಗಿತ್ತು. ಆ ಹೊಗೆ ಅವಳೂ ಕುಡಿದಿದ್ದಳು.

"ಶಹಾಪುರ ದವಾಖಾನಿಗಿ ಮನಸಿನ ಡಾಕ್ಟರಬಾಯಿ ಬರ್ತಾರಂತರಿ, ತೋರ್ಸೂಣು."

"ಹುಚ್ಚರ ಡಾಕ್ಟರಾ? ನಮಗ ಮರ್ಯಾದಿ ಅದನೋ ಇಲ್ಲೋ?" ಎಂದ ಆ ಮರ್ಯಾದಸ್ಥ. ನನಗೆ ಮೈಯೆಲ್ಲ ಉರಿಯಿತು.

ಮಂಗಳವಾರ ಪೂಜೆಯ ಹೊತ್ತಿಗೆ ದೇವಕಮ್ಮ ಕೂದಲು ಬಿಚ್ಚಿ ಹೂಂಕರಿಸಿದಳು. ಮೈಮೇಲೆ ದೇವಿ! ಖಂಡಪ್ಪ ದಬಕ್ಕನೆ ಅಡ್ಡಬಿದ್ದ. ನಾನು ಕುಂಕುಮದ ತಟ್ಟೆ ಹಿಡಿದು ನಗು ನುಂಗುತ್ತ ನಿಂತೆ. ಹಿಂದಿನ ದಿನ ನಮ್ಮ ಹಿತ್ತಿಲಲ್ಲೇ ಇದರ ತಾಲೀಮು ನಡೆದಿತ್ತು.

"ಹೊಗಿ ಹಾಕಿದ್ರ ನಿನ್ನ ಮನಿ ಉಳಿಯಂಗಿಲ್ಲ! ನನ್ನ ಮಗಳಿಗಿ ಶಹಾಪುರಕ್ಕ ಕರಕೊಂಡು ಹೋಗು! ನಾಳಿ ಲಗೂನ ಹೋಗು, ಚೀಟಿಗಿ ಪಾಳಿ ಇರ್ತದ! ಬಸ್ಸಿನಾಗ ಬ್ಯಾಡ, ಬಾಣಂತಿಗಿ ಕುಲುಕ್ತದ! ಜೀಪ್ ಮಾಡು!"

ದೇವಿಗೆ ದವಾಖಾನೆ ಚೀಟಿಯ ಸರದಿ ಸಾಲೂ ಗೊತ್ತಲ್ಲ ಎಂದು ಖಂಡಪ್ಪ ಗಲ್ಲಗಲ್ಲ ಬಡಿದುಕೊಂಡ. ಮರುದಿನ ಜೀಪು ಬಂತು. ನಾನೂ ಹತ್ತಿದೆ, ಬಿಡುತ್ತೇನೆಯೇ!

ಡಾಕ್ಟರಬಾಯಿ ಮೋನಮ್ಮನ ಕೈ ಹಿಡಿದು ಎಲ್ಲ ಕೇಳಿದರು. "ಇದು ಗಾಳಿ ಅಲ್ಲರಿ, ಹಡದ ಮ್ಯಾಲ ಬರೋ ಮನಸಿನ ಬ್ಯಾನಿ. ಗುಳಿಗಿ ಕೊಡ್ತೀನಿ, ಆರಾಮ ಆಗ್ತಾಳ. ಆಕಿಗಿ ಮಲಗಾಕ ಬಿಡ್ರಿ, ಕೂಸಿನ್ನ ನೀವ್ ಎತ್ತಿಕೊಳ್ರಿ" ಎಂದು ಖಂಡಪ್ಪನಿಗೆ ಹೇಳಿದರು. ಅವನು ತನ್ನ ಕೈಗಳನ್ನೇ ಹೊಸದಾಗಿ ಕಂಡವನ ಹಾಗೆ ನೋಡಿಕೊಂಡ.

ಆಮೇಲೆ ಅವರು ದೇವಕಮ್ಮನ ಕಡೆ ತಿರುಗಿದರು. "ನಿಮ್ಮದೂ ಮುಟ್ಟು ನಿಲ್ಲೋ ವಯಸ್ಸರಿ ಅಮ್ಮಾ. ನಿಮಗ ನಿದ್ದಿ ಬರ್ತದೇನ್ರಿ? ಮನಸಿಗಿ ಹೆಂಗದ?"

ಸಾಬಣ್ಣ ಹುಟ್ಟಿದಾಗಿನಿಂದ ಈ ಮಾತನ್ನು ಯಾರೂ ಅವಳಿಗೆ ಕೇಳಿರಲಿಲ್ಲ. ತೂಬಿನಂಥ ಆ ಬಾಯಿಗೆ ಸೆರಗು ಒತ್ತಿಕೊಂಡು ಮೈಯೆಲ್ಲ ನಡುಗುವಂತೆ ಅತ್ತಳು. ನನಗೂ ತಡೆಯಲಾಗಲಿಲ್ಲ.

ಖಂಡಪ್ಪ ಗಾಬರಿಯಾಗಿ ಕೈಮುಗಿದ. "ಮತ್ತ ದೇವಿ ಬಂದಾಳೇನು?"

"ದೇವಿ ಅಲ್ಲರಿ, ನಾನ. ಈಗರ ಕೇಳ್ರಿ."

ಮುಗಿದ ಕೈ ಇಳಿಸದೆ ಖಂಡಪ್ಪ ಅವಳ ಮಗ್ಗುಲಿಗೆ ಕುಳಿತ.